ಕೇಳದೆ ಕೂತ ಮಧ್ಯಾಹ್ನ

ಟ್ರಂಕ್ ಬೋರ್ಡಿನ ಮುಂದೆ ಕೂರುವವಳಿಗೆ ಮೊದಲು ಕಲಿಸುವ ಪಾಠ, ಇಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕುವುದು. ಮನೆಯಲ್ಲಿ ಅಮ್ಮ ಬೈದು ಬಿಡಿಸಿದ್ದ ಚಾಳಿಯನ್ನು ಇಲಾಖೆ ಸಂಬಳ ಕೊಟ್ಟು ಕಲಿಸಿತು. ಮಧುಗಿರಿ ಎಕ್ಸ್‌ಚೇಂಜಿನಲ್ಲಿ ನಾನು ದಿನವಿಡೀ ಅದನ್ನೇ ಮಾಡುತ್ತಿದ್ದೆ. ಮಿಡಿಗೇಶಿಯವರೋ ಕೊಡಿಗೇನಹಳ್ಳಿಯವರೋ ಬೆಂಗಳೂರಿಗೆ ಕಾಲ್ ಬುಕ್ ಮಾಡಿದರೆ, ಅವರ ತೂತಿಗೆ ಒಂದು ಪ್ಲಗ್ಗು, ತುಮಕೂರಿನ ತೂತಿಗೆ ಅದರ ಜೋಡಿ ಪ್ಲಗ್ಗು ಚುಚ್ಚುವುದು. ನಾನು ತುಮಕೂರಿನವಳಿಗೆ ಹೇಳುವುದು, ಅವಳು ಬೆಂಗಳೂರಿನವಳಿಗೆ ಹೇಳುವುದು. ಹೀಗೆ ಮೂವರು ಹೆಂಗಸರ ಕೈ ದಾಟಿ ಮಾತು ಶುರುವಾಗುತ್ತಿತ್ತು. ಮೂರು ನಿಮಿಷಕ್ಕೆ ಕೇಳುವ ಕೀ ಎತ್ತಿ, "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಅನ್ನಬೇಕು. ತಂತಿಯಲ್ಲಿ ಮನುಷ್ಯರ ದನಿ ಇಲ್ಲದಿದ್ದರೆ "ಹಲೋ, ಮಾತಾಡಿ" ಅನ್ನಬೇಕು. ಉತ್ತರ ಬರದಿದ್ದರೆ ಪ್ಲಗ್ಗು ಎಳೆದು ತಂತಿಯನ್ನು ಮುಂದಿನವರಿಗೆ ಕೊಡಬೇಕು.

ತುಮಕೂರಿಗೆ ನಮಗಿದ್ದದ್ದೇ ಎರಡು ತಂತಿ. ಮಂಡಿಯವರು, ಕೋರ್ಟಿನವರು, ಆಸ್ಪತ್ರೆಯವರು, ಹೆಣ್ಣು ನೋಡಲು ಬರುವವರು, ಎಲ್ಲರೂ ಅದಕ್ಕೇ ಕಾಯುವವರು. ಹಾಗಾಗಿ ಈ ಕಟ್ಟಳೆಯ ಬಗ್ಗೆ ನನಗೆ ದೂರೇನೂ ಇರಲಿಲ್ಲ, ಆ ಬೇಸಿಗೆಯವರೆಗೆ.

ಎಂಬತ್ತರ ದಶಕದ ನಡುವಿನ ಬೇಸಿಗೆ ಅದು. ಹುಣಸೆಹಣ್ಣು ಮಂಡಿಗೆ ಬರುವ ಹೊತ್ತಿಗೆ ಪಾವಗಡದ ಕಡೆಯಿಂದ ಕುರಿ ಸಿಡುಬು ಇಳಿದು ಬಂತು. ಒಂದು ಬೆಳಿಗ್ಗೆ ಪಶುವೈದ್ಯರೊಬ್ಬರು ಜೀಪಿನಲ್ಲಿ ಬಂದು ನಮ್ಮ ಕೌಂಟರಿನ ಮುಂದೆ ನಿಂತರು. ಅಂಗಿಯ ತೋಳಿನ ತುಂಬ ಉಣ್ಣೆಯ ಕೂದಲು. ಪ್ರತಿ ಮಧ್ಯಾಹ್ನ ಬೆಂಗಳೂರಿಗೆ ಒಂದು ಕಾಲ್ ಬೇಕು ಎಂದರು.

"ಮೇಡಂ, ರೋಗ ಬಂದ ಕುರಿಗೆ ಸೂಜಿ ಹಾಕಿ ಪ್ರಯೋಜನ ಇಲ್ಲ. ಪಕ್ಕದ ರೊಪ್ಪದ ಬೇಲಿಯೊಳಗೆ ಇನ್ನೂ ಚೆನ್ನಾಗಿರೋ ಕುರಿಗೆ ಹಾಕಬೇಕು. ಲಸಿಕೆ ಬೆಂಗಳೂರಿಂದ ಐಸಲ್ಲಿ ಬರಬೇಕು. ಯಾವ ಹಟ್ಟಿಯಲ್ಲಿ ಎಷ್ಟು ಕುರಿ, ಎಷ್ಟಕ್ಕೆ ರೋಗ ಅಂತ ಸಂಜೆಯೊಳಗೆ ಅವರಿಗೆ ಗೊತ್ತಾದ್ರೆ ನಾಳೆ ಬೆಳಗಿನ ಬಸ್ಸಿಗೆ ಡಬ್ಬ ಹಾಕ್ತಾರೆ. ಇಲ್ಲಾಂದ್ರೆ ಬೇರೆ ಕಡೆಗೆ ಹೋಗುತ್ತೆ."

"ಅದಕ್ಕೇನಂತೆ ಡಾಕ್ಟ್ರೇ, ಲೈನ್ ಕೊಡ್ತೀನಿ, ಹೇಳಿ."

"ಹೇಳಿದ್ವಿ. ನಾವು ಎಪ್ಪತ್ತು ಅಂದ್ವಿ, ಅವರಿಗೆ ಇಪ್ಪತ್ತು ಕೇಳಿಸ್ತು. ಇನ್ನೊಂದು ಕಡೆ ಇಪ್ಪತ್ತು ಅಂದಿದ್ದು ಎಪ್ಪತ್ತಾಯ್ತು. ಒಂದೂರಲ್ಲಿ ಲಸಿಕೆ ಸಾಲದೆ ಕುರಿ ಸತ್ತವು, ಇನ್ನೊಂದೂರಲ್ಲಿ ಐಸ್ ಕರಗಿ ಲಸಿಕೆ ಚೆಲ್ಲಿದ್ವಿ. ಈಗ ಬಾಯಲ್ಲಿ ಹೇಳಿದ ಲೆಕ್ಕ ಅವರು ತಗೊಳ್ಳೋದೇ ಇಲ್ಲ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮ ತಂತಿಯ ಮೇಲೆ ಎಪ್ಪತ್ತಕ್ಕೂ ಇಪ್ಪತ್ತಕ್ಕೂ ಇರುವ ಅಂತರ ಒಂದು ಕೆಮ್ಮಿನಷ್ಟು. ಟೆಲಿಗ್ರಾಂ ಕೊಟ್ಟರೆ ಅಷ್ಟುದ್ದದ ಪಟ್ಟಿ ಲಸಿಕೆಯೆಲ್ಲ ಹಂಚಿ ಮುಗಿದ ಮೇಲೆ ತಲುಪುತ್ತಿತ್ತು. ಅದಕ್ಕೇ ಬೆಂಗಳೂರಿನ ಕಚೇರಿ ಒಂದು ಮೆಷಿನ್ನನ್ನೂ, ಅದರ ಜೊತೆ ಒಬ್ಬ ಎಂಜಿನಿಯರನ್ನೂ ಕಳಿಸಿತ್ತು. ಕನ್ನಡಕದ ಯುವಕ, ಮಾತು ಕಡಿಮೆ. ಮೆಷಿನ್ನಿಗೆ 'ಎತ್ತಿಕೊಂಡು ಓಡಾಡುವ ಕಂಪ್ಯೂಟರ್' ಎಂದು ಹೆಸರು. ಎತ್ತಲು ಇಬ್ಬರು ಬೇಕು. ಹೊಲಿಗೆ ಮೆಷಿನ್ನಿನ ಪೆಟ್ಟಿಗೆಯಷ್ಟು ದಪ್ಪ, ಅದರ ಹೊಟ್ಟೆಯಲ್ಲಿ ಅಂಗೈಯಗಲದ ಹಸಿರು ಪರದೆ. ಪಕ್ಕಕ್ಕೆ ರಬ್ಬರಿನ ಎರಡು ಬಟ್ಟಲಿರುವ ಇನ್ನೊಂದು ಡಬ್ಬಿ. ಫೋನಿನ ರಿಸೀವರನ್ನು ಆ ಬಟ್ಟಲುಗಳ ಮೇಲೆ ಬೋರಲು ಮಲಗಿಸಿದರೆ, ಮೆಷಿನ್ನು ಅಂಕಿಗಳನ್ನು ಎರಡು ಬಗೆಯ ಸಿಳ್ಳೆಗಳಾಗಿ ಮಾಡಿ ಫೋನಿನ ಬಾಯಿಗೆ ಊದುತ್ತದೆ. ಬೆಂಗಳೂರಿನಲ್ಲಿ ಇಂಥದ್ದೇ ಡಬ್ಬಿ ಆ ಸಿಳ್ಳೆ ಕೇಳಿ ಮತ್ತೆ ಅಂಕಿ ಮಾಡುತ್ತದೆ. ಒಂದೊಂದು ಸಾಲು ಸರಿಯಾಗಿ ಮುಟ್ಟಿದಾಗಲೂ ಅಲ್ಲಿಂದ 'ಸಿಕ್ಕಿತು' ಎಂದು ಸಿಳ್ಳೆ ಬರುತ್ತದೆ. ಕೆಟ್ಟರೆ ಆ ಸಾಲು ಮತ್ತೆ. ತಂತಿಯೇ ಕಡಿದರೆ ಮಾತ್ರ ಮೊದಲಿನಿಂದ.

"ಈ ತಿಂಗಳು ಪರೀಕ್ಷೆ. ಈ ಕಡೆ ಆಗಲ್ಲ ಅಂತ ವರದಿ ಹೋದ್ರೆ ಮೆಷಿನ್ನೂ ವಾಪಸ್ಸು, ಲಸಿಕೆಯಲ್ಲಿ ನಮ್ಮ ಸರದಿಯೂ ಹಿಂದಕ್ಕೆ," ಎಂದರು ಡಾಕ್ಟರು.

ಮೊದಲು ಪಾವಗಡದಿಂದಲೇ ಪ್ರಯತ್ನಿಸಿದರು. ಅಲ್ಲಿಂದ ಮಧುಗಿರಿಗೆ ಕಂಬದ ಮೇಲೆ ಬರಿ ತಂತಿ. ಮೈಲಿ ಮೈಲಿಗೂ ಸಿಳ್ಳೆ ಸೊರಗಿ, ನನ್ನ ಕಿವಿಗೆ ಬರುವಾಗ ದೂರದ ಜೀರುಂಡೆಯಷ್ಟಾಗುತ್ತಿತ್ತು. ಮುಂದೆ ಬೆಂಗಳೂರಿಗೆ ಹೋಗುವುದು ದೂರದ ಮಾತು. ಗಾಳಿ ಬಂದರಂತೂ ಚಟಪಟ. ನಮ್ಮ ಲೈನ್ ಮೆಕ್ಯಾನಿಕ್ ಸಿರಾದವರು. ಸೈಕಲ್ಲಿಗೆ ಏಣಿ ಕಟ್ಟಿಕೊಂಡು ಹೋಗಿ ನೋಡಿ ಬಂದು, ಟವೆಲಿನಲ್ಲಿ ಕತ್ತು ಒರೆಸುತ್ತ ಕೂತರು.

"ಅರೆ ಅಕ್ಕಾ, ಬಿಸ್ಲು ಧೂಪಿಗೆ ತಾರು ಜೋಲು ಬಿದ್ದೈತೆ. ಹವಾ ಬಂದ್ರೆ ಎರಡೂ ಈದ್ ಹಬ್ಬದಂಗೆ ತಬ್ಬಿಕೊಳ್ತವೆ. ನಾನ್ ಹೋಗಿ ಬುಡಿಸ್ಲಾ? ಬೇಕಾದ್ ಕಡೆ ಬಿಗಿ ಮಾಡಿದೀನಿ. ಪೂರಾ ಬಿಗಿ ಮಾಡಿದ್ರೆ ಚಳಿಗಾಲಕ್ಕೆ ಕಟ್ ಆಗ್ತದೆ."

ತಂತಿ ಬೇಡ ಎಂದು ಜೀಪಿನಲ್ಲಿದ್ದ ವೈರ್‌ಲೆಸ್ ಸೆಟ್ಟಿನಲ್ಲೂ ನೋಡಿದರು. ಅದರ ಅಲೆ ನೆಟ್ಟಗೆ ಹೋಗುವಂಥದ್ದು, ಬಂಡೆ ಎದುರಾದರೆ ಅಲ್ಲಿಗೇ ನಿಂತಿತು. ನಮ್ಮ ಸೀಮೆಯಲ್ಲಿ ಬಂಡೆ ಎದುರಾಗದ ದಿಕ್ಕು ಯಾವುದಿದೆ? ಜೀಪನ್ನು ಮಿಡಿಗೇಶಿ ಬೆಟ್ಟದ ಈ ಮಗ್ಗುಲಿಗೆ ತಂದರೆ ಆ ಕಡೆಯವರಿಗೆ ಕೇಳದು, ಆ ಮಗ್ಗುಲಿಗೆ ಒಯ್ದರೆ ನಮಗೆ ಕೇಳದು. ಬೆಟ್ಟದ ನೆತ್ತಿಗೆ ಮೆಷಿನ್ನು ಹೊತ್ತರಾಯಿತು ಎಂದು ಯಾರೋ ಹೇಳಿದಾಗ, ಅದನ್ನು ಎತ್ತಿ ಅಭ್ಯಾಸವಿದ್ದ ಜೀಪಿನ ಡ್ರೈವರು ಕೈಮುಗಿದನಂತೆ.

ಕೊನೆಗೆ ಎಂಜಿನಿಯರು ಲೆಕ್ಕ ಹಾಕಿ, ಪಾವಗಡದ ಕಡೆಯ ಪಟ್ಟಿಯನ್ನೂ ಜೀಪಿನಲ್ಲಿ ತಂದು ಮಿಡಿಗೇಶಿಯ ಪೋಸ್ಟಾಫೀಸಿನ ಫೋನಿನಿಂದ ಕಳಿಸುವುದೆಂದು ಗೊತ್ತು ಮಾಡಿದರು. ಅಲ್ಲಿಂದ ನಮ್ಮಲ್ಲಿಗೆ ತಂತಿಯ ದೂರ ಕಡಿಮೆ. ಸಿಳ್ಳೆ ಚೆನ್ನಾಗಿ ಬಂತು. ಆದರೆ ಎರಡು ಮಧ್ಯಾಹ್ನ ಕಾಲ್ ಕೊಟ್ಟರೂ ಎರಡು ಸಲವೂ ನಡುವೆಯೇ ಹರಿದು ಹೋಯಿತು. ಬೋರ್ಡಿನಲ್ಲಿ ಕೂತ ನನಗೆ ಅಲ್ಲಿ ಏನಾಗುತ್ತಿದೆ ಎಂದು ತಿಳಿಯುತ್ತಿರಲಿಲ್ಲ. ಅದಕ್ಕೇ ನನ್ನ ವಾರದ ರಜೆಯ ದಿನ, ಮನೆಯವರಿಗೆ ಮುದ್ದೆ ಬಸ್ಸಾರು ಮಾಡಿಟ್ಟು, ಎರಡು ರೊಟ್ಟಿ ಕಟ್ಟಿಕೊಂಡು ಪಾವಗಡದ ಬಸ್ಸು ಹತ್ತಿ ಮಿಡಿಗೇಶಿಯಲ್ಲಿ ಇಳಿದೆ.

ಪೋಸ್ಟಾಫೀಸಿನ ಜಗಲಿಯಲ್ಲಿ ಒಬ್ಬ ಕುರಿ ಸಾಕುವ ಹೆಂಗಸು ಕೂತಿದ್ದಳು. ನನ್ನದೇ ವಯಸ್ಸಿರಬಹುದು. ಹೆಗಲ ಮೇಲೆ ಕರಿ ಕಂಬಳಿ. ಅವಳ ಕುರಿಗಳು ಎದುರಿನ ಬೇಲಿಯ ನೆರಳಿನಲ್ಲಿ ನಿಂತಿದ್ದವು. ಪಕ್ಕದ ಹಟ್ಟಿಗೆ ಸಿಡುಬು ಬಂದಾಗಿತ್ತು, ಅವಳ ಮಂದೆಗೆ ಇನ್ನೂ ಬಂದಿರಲಿಲ್ಲ. ದಿನಾ ಬಂದು ಕೂರುತ್ತಾಳೆ ಎಂದು ಡಾಕ್ಟರು ಹೇಳಿದರು. ನಾನು ಎಕ್ಸ್‌ಚೇಂಜಿನವಳು ಎಂದು ತಿಳಿದದ್ದೇ ನನ್ನ ಕಡೆ ತಿರುಗಿದಳು.

"ನೀನೇನಾ ಮಧುಗಿರಿಯಾಗೆ ಹಲೋ ಹಲೋ ಅನ್ನೋಳು?"

"ಹೌದಮ್ಮ."

"ನಮ್ ಟಗರು ಕೂಗಿದ್ರೆ ಬೆಟ್ಟದ ಆಚೀಗೆ ಕೇಳ್ತೈತೆ. ಈ ಡಬ್ಬ ದಿನಾ ಕೂಗ್ತಾನೇ ಐತೆ. ಬೆಂಗ್ಳೂರೋರು ಕಿವುಡ್ರಾ, ಇಲ್ಲ ನೀವು ಮಧ್ಯದೋರು ಕಿವುಡ್ರಾ ಕಣಮ್ಮ?"

"ಅದನ್ನೇ ನೋಡೋಕೆ ಬಂದಿದೀನಿ."

"ಬೇಗ ನೋಡವ್ವಾ. ಪಕ್ಕದ್ ಹಟ್ಟಿಗೆ ಅಮ್ಮ ಬಂದವ್ಳೆ. ಅವ್ಳು ನಿಮ್ಮಂಗೆ ಕಂಬ ಹಿಡ್ಕಂಡು ಬರಾಕಿಲ್ಲ, ಬೇಲಿ ಹಾರಿ ಬತ್ತಾಳೆ."

ಒಳಗೆ ಎಂಜಿನಿಯರು ಒಂದಲ್ಲ, ನಾಲ್ಕು ಕಡೆ ಯುದ್ಧ ಮಾಡುತ್ತಿದ್ದರು. ಪಂಪ್‌ಸೆಟ್‌ಗಳು ಓಡುವ ಹೊತ್ತು, ಕರೆಂಟು ಸಣ್ಣಗೆ ಮಿಣುಕುತ್ತಿತ್ತು. ಹಾಗಾಗಿ ಜೀಪಿನ ಬ್ಯಾಟರಿಯಿಂದ ವೈರು ಎಳೆದಿದ್ದರು. ಜೀಪಿನ ಎಂಜಿನ್ ಓಡಿಸಿದರೆ ಅದರ ಸದ್ದು ರಬ್ಬರ್ ಬಟ್ಟಲಿಗೆ ಇಳಿದು ಅಂಕಿ ಕೆಡುತ್ತಿತ್ತು. ನಿಲ್ಲಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ತಾಳದು. ಅಷ್ಟರಲ್ಲಿ ಬೇಲಿಯ ಕಡೆಯಿಂದ ಒಂದು ಕುರಿ "ಮ್ಯಾ" ಎಂದಿತು. ಹಸಿರು ಪರದೆಯ ಮೇಲೆ ಅರ್ಥವಿಲ್ಲದ ನಾಲ್ಕಾರು ಅಕ್ಷರ ಮೂಡಿದವು.

"ನೋಡಿ ಮೇಡಂ, ಕುರಿ ತನ್ನ ಲೆಕ್ಕ ತಾನೇ ಕೊಡ್ತಿದೆ," ಎಂದರು ಎಂಜಿನಿಯರು. ನಗುವ ಸ್ಥಿತಿಯಲ್ಲಿರಲಿಲ್ಲ ಪಾಪ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಗಸು ಹೆಗಲ ಮೇಲಿನ ಕಂಬಳಿ ತೆಗೆದು ಒಳಗೆ ಎಸೆದಳು. "ಹೊದ್ಸಿ ಬುಡಪ್ಪಾ. ಕಂಬ್ಳಿ ಒಳೀಕೆ ಮಳೇನೂ ಬರಾಕಿಲ್ಲ, ಸದ್ದೂ ಬರಾಕಿಲ್ಲ."

"ಒಳಗಿನ ಬಿಸಿಯೂ ಹೊರಗೆ ಹೋಗಲ್ಲವಲ್ಲಮ್ಮ. ಮೆಷಿನ್ನು ಬೆಂದು ನಿಂತುಬಿಡುತ್ತೆ."

"ಅಂಗಾರೆ ಬೇಯಾದ್ರೊಳಗೆ ಮುಗ್ಸು."

ಎಂಜಿನಿಯರು ರಬ್ಬರ್ ಬಟ್ಟಲಿನ ಡಬ್ಬಿಯನ್ನು ಮೆಷಿನ್ನಿಗೆ ಒತ್ತಿಟ್ಟು, ಎರಡಕ್ಕೂ ಸೇರಿಸಿ ಕಂಬಳಿ ಹೊದಿಸಿ, ಪರದೆಯ ಮುಂದೆ ಮಾತ್ರ ಗುಡಿಸಲಿನ ಬಾಗಿಲಿನಂತೆ ಎತ್ತಿ ಕಟ್ಟಿದರು. ಬೇರೆ ಬೇರೆ ಇಡೋಣವೆಂದರೆ ನಡುವಿನ ವೈರು ಗೇಣುದ್ದ. ಕಾಲ್ ಬಂತು. ಸಾಲು ಸಾಲಾಗಿ ಹಟ್ಟಿಗಳ ಅಂಕಿ ಹೋಗತೊಡಗಿದವು, ಒಂದೊಂದಕ್ಕೂ 'ಸಿಕ್ಕಿತು' ಬರುತ್ತಿತ್ತು. ಇದ್ದಕ್ಕಿದ್ದಂತೆ ಪರದೆಯ ತುಂಬ ಕಸ. ಕುರಿ ಕೂಗಿರಲಿಲ್ಲ, ಗಾಳಿಯೂ ಇರಲಿಲ್ಲ. ಮೆಷಿನ್ನು ಸಿಳ್ಳೆ ನಿಲ್ಲಿಸಿತು.

ನಾನು ಕಂಬಳಿಯ ಅಂಚು ಎತ್ತಿ ರಿಸೀವರಿಗೆ ಕಿವಿ ಕೊಟ್ಟೆ. "ಹಲೋ, ಮಾತಾಡಿ... ಏನಿದು ಕಿರ್ ಅಂತಿದೆ, ಲೈನ್ ಕೆಟ್ಟಿದೆ," ಎಂದಿತು ನನ್ನ ಜಾಗದಲ್ಲಿ ಕೂತಿದ್ದ ಸಹೋದ್ಯೋಗಿಯ ದನಿ. ಆಮೇಲೆ ಪ್ಲಗ್ಗು ಎಳೆದ ಟಕ್ ಸದ್ದು.

ಎಂಜಿನಿಯರು ಕೈಗಡಿಯಾರ ತೋರಿಸಿದರು. "ಪ್ರತಿ ಸಲ ಇಷ್ಟು ಹೊತ್ತಿಗೇ ಹೀಗಾಗೋದು ಮೇಡಂ. ಗಾಳಿಗೆ ಗಡಿಯಾರ ಗೊತ್ತಿರಲ್ಲ. ಇದು ಮನುಷ್ಯರದ್ದೇ ಕೆಲಸ ಅಂತ ನನಗೆ ಅನುಮಾನ. ಮೂರು ನಿಮಿಷಕ್ಕೆ ನಿಮ್ಮಲ್ಲಿ ಏನು ಮಾಡ್ತೀರಿ?"

ಹೇಳಿದೆ. ಕೀ ಎತ್ತುವುದು, ಕೇಳುವುದು, ದನಿ ಇಲ್ಲದಿದ್ದರೆ ಎಳೆಯುವುದು. ನಾನು ಮಾತ್ರವಲ್ಲ, ತುಮಕೂರಿನವಳು ಅವಳ ಗಡಿಯಾರ ನೋಡಿ, ಬೆಂಗಳೂರಿನವಳು ಅವಳದ್ದು ನೋಡಿ. ಹಿಂದಿನ ದಿನಗಳಲ್ಲಿ ನಾನೂ ಅದನ್ನೇ ಮಾಡಿದ್ದೆ. ಕಿರುಚುವ ತಂತಿ ಕೆಟ್ಟ ತಂತಿ, ಅದನ್ನು ಬಿಡಿಸು ಎಂದೇ ನಮಗೆ ಕಲಿಸಿದ್ದು. ಅದರಲ್ಲಿ ತಲೆ ತಗ್ಗಿಸುವಂಥದ್ದು ನನಗೆ ಆಗಲೂ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ. ಆದರೆ ತಿಳಿದ ಮೇಲೂ ಮುಂದುವರಿಸುವುದು ಬೇರೆ ವಿಷಯ.

"ಕೀ ಎತ್ತಿದ್ರೆ ಸಾಕಾ, ಕೆಡೋಕೆ?"

"ಸುಮ್ಮನೆ ಎತ್ತಿದ್ರೂ ಸಿಳ್ಳೆ ಕುಗ್ಗುತ್ತೆ. ಮಾತಾಡಿದ್ರೆ ಮುಗೀತು. ಪೂರ್ತಿ ಪಟ್ಟಿಗೆ ಹತ್ತು ನಿಮಿಷದ ಹತ್ತಿರ ಬೇಕು. ಕಂಬಳಿಯೊಳಗೆ ಮೆಷಿನ್ನು ಅಷ್ಟೇ ತಾಳೋದು, ಬ್ಯಾಟರಿಯೂ ಅಷ್ಟೇ. ನಡುವೆ ಕಡಿದು ಮೊದಲಿಂದ ಶುರು ಮಾಡೋಕೆ ಎರಡನೇ ಅವಕಾಶ ಇಲ್ಲ. ಶನಿವಾರ ನಾನು ವರದಿ ಬರೀಬೇಕು. ಏನಂತ ಬರೀಲಿ ಹೇಳಿ?"

ಹೊರಗೆ ಬಂದಾಗ ಆ ಹೆಂಗಸು ಕೇಳಿದಳು: "ಏನವ್ವಾ, ಯಾರು ಕಿವುಡ್ರು?"

"ಕಿವುಡರಲ್ಲಮ್ಮ. ನಾವು ಜಾಸ್ತಿ ಕೇಳಿಸಿಕೊಳ್ತೀವಿ, ಅದೇ ತೊಂದರೆ."

ಮರುದಿನ ಬೆಳಿಗ್ಗೆ ಸೂಪರ್‌ವೈಸರ ಟೇಬಲ್ಲಿನ ಮುಂದೆ ನಿಂತೆ. ಅವರು ಕೆಟ್ಟವರಲ್ಲ. ಮಳೆಯಲ್ಲಿ ನೆನೆದು ಬಂದವರಿಗೆ ತಮ್ಮ ಫ್ಲಾಸ್ಕಿನ ಕಾಫಿ ಕೊಡುವಂಥವರು. ವಿಷಯವೆಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿದರು.

"ಅಲ್ರೀ, ಎರಡೇ ಲೈನು. ಒಂದನ್ನ ಹತ್ತು ನಿಮಿಷ ಯಾರೂ ನೋಡದೇ ಬಿಟ್ಟರೆ? ಬೇರೆಯವರು ಕಾಯ್ತಿದ್ದಾಗ ಆರು ನಿಮಿಷದ ಮೇಲೆ ಕೊಡೋ ಹಾಗೇ ಇಲ್ಲ. ನಾಳೆ ಮಂಡಿಯವರು ಬಂದು, ಕುರಿಗೆ ಕೊಟ್ಟಿದ್ದು ನಮಗೂ ಕೊಡಿ ಅಂತಾರೆ. ಮೇಲಿನವರಿಗೆ ಬರೀತೀನಿ, ಅಪ್ಪಣೆ ಬರಲಿ."

"ಯಾವಾಗ ಬರುತ್ತೆ ಸಾರ್?"

"ಬಂದಾಗ ಬರುತ್ತೆ."

"ಅಷ್ಟರಲ್ಲಿ ಕುರಿ ಸಾಯುತ್ತೆ."

"ಕುರಿ ಸಾಯೋದು ಪಶುವೈದ್ಯ ಇಲಾಖೆ ಕಣಮ್ಮ. ಲೈನ್ ಸಾಯೋದು ನಮ್ಮ ಇಲಾಖೆ. ಅಪ್ಪಣೆ ಇಲ್ಲದೆ ಮಾಡಬೇಡಿ, ಹೇಳಿದೀನಿ."

ಆಯಿತು ಎಂದು ನಾನು ಹೇಳಲಿಲ್ಲ. ಸುಮ್ಮನೆ ಬೋರ್ಡಿಗೆ ಹೋಗಿ ಕೂತೆ. ಆ ಬೆಳಿಗ್ಗೆಯೆಲ್ಲ ಹುಣಸೆಹಣ್ಣಿನ ಕಾಲ್‌ಗಳು. ಕೈ ತನ್ನ ಪಾಡಿಗೆ ಪ್ಲಗ್ಗು ಚುಚ್ಚುತ್ತ ಎಳೆಯುತ್ತ ಇತ್ತು. ತಲೆಯಲ್ಲಿ ಒಂದೇ ಯೋಚನೆ. ಬಂಡೆಯನ್ನು ಸರಿಸಲು ನಮ್ಮ ಕೈಯಲ್ಲಾಗದು. ಬಿಸಿಲಿಗೆ ತಂತಿ ಜೋಲು ಬೀಳುವುದನ್ನು ತಡೆಯಲಾಗದು. ಮೆಷಿನ್ನು ಬಿಸಿಯಾಗುವುದು, ಬ್ಯಾಟರಿ ಇಳಿಯುವುದು, ಇವುಗಳ ಜೊತೆ ಎಂಜಿನಿಯರು ಹೊಂದಿಕೊಂಡು ಹತ್ತು ನಿಮಿಷದ ಒಂದು ಸಂದಿ ಮಾಡಿಕೊಂಡಿದ್ದಾರೆ. ಆ ಸಂದಿಯಲ್ಲಿ ಅಡ್ಡ ಕೂತಿರುವುದು ನನ್ನ ಬೆರಳು. ನನ್ನ ಬೆರಳಿಗೂ ಬೆಂಗಳೂರಿನ ಅಪ್ಪಣೆ ಬೇಕೆ? ಊಟದ ಡಬ್ಬಿ ತೆಗೆದು, ಚಿತ್ರಾನ್ನ ತಿಂದು, ಕೈ ತೊಳೆದುಕೊಂಡು ಬರುವಷ್ಟರಲ್ಲಿ ತೀರ್ಮಾನ ಮಾಡಿದ್ದೆ.

ನಾವು ಆಪರೇಟರುಗಳು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು. ಮುಖ ನೋಡಿದವರಲ್ಲ.

"ತುಮಕೂರು, ಈಗೊಂದು ಮಿಡಿಗೇಶಿ ಕಾಲ್ ಕೊಡ್ತೀನಿ, ಬೆಂಗಳೂರಿಗೆ. ಪ್ಲಗ್ಗು ಹಾಕಿದ ಮೇಲೆ ನೀನು ಕೀ ಎತ್ತಬಾರದು. ನಾನಾಗಿ ರಿಂಗ್ ಮಾಡೋವರೆಗೂ."

"ಯಾಕೆ ಮಧುಗಿರಿ, ಯಾರದಪ್ಪ ಅಷ್ಟೊಂದು ಗುಟ್ಟಿನ ಮಾತು? ಹುಡುಗ ಹುಡುಗಿಯಾ?"

"ಕುರಿಗಳದ್ದು."

"ಏನು?"

ಹೇಳಿದೆ, ಎಷ್ಟು ಚಿಕ್ಕದಾಗಿ ಆಗುತ್ತೋ ಅಷ್ಟು.

"ನಿಮ್ಮ ಸೂಪರ್‌ವೈಸರು ಒಪ್ಪಿದ್ರಾ?"

"ಇಲ್ಲ."

"ಸರಿ ಬಿಡು, ನಮ್ಮೋರ್ನ ನಾನು ಕೇಳೋದೇ ಇಲ್ಲ. ಬೆಂಗಳೂರಿನವಳು ಬಾಯಿಬಡುಕಿ, ಆದ್ರೆ ಕೊಟ್ಟ ಮಾತು ತಪ್ಪಲ್ಲ. ಅವಳಿಗೆ ನಾನು ಹೇಳ್ತೀನಿ. ಕೆಟ್ಟು ಹೋದ್ರೆ ಮೂವರೂ ಒಟ್ಟಿಗೆ ಬೈಸಿಕೊಳ್ಳೋಣ, ಆಗಲಾದರೂ ಮುಖ ನೋಡಿದ ಹಾಗಾಗುತ್ತೆ."

ಮಿಡಿಗೇಶಿ ರಿಂಗ್ ಮಾಡಿತು. ಎಂಜಿನಿಯರಿಗೆ "ಕಂಬಳಿ ಹೊದಿಸಿ" ಎಂದೆ. ತುಮಕೂರು ಕೊಟ್ಟಳು, ಬೆಂಗಳೂರು ಕೊಟ್ಟಳು, ಆ ತುದಿಯ ಕಚೇರಿಯವರು ರಿಸೀವರನ್ನು ಬಟ್ಟಲಿನಲ್ಲಿಟ್ಟರು. ಮೊದಲ ಸಿಳ್ಳೆ ಕೇಳಿದ್ದೇ ಕೀ ಇಳಿಸಿದೆ. ತಲೆಯ ಮೇಲಿನ ಹೆಡ್‌ಸೆಟ್ ತೆಗೆದು ಕೊರಳಿಗೆ ಹಾಕಿಕೊಂಡೆ. ಇಟ್ಟುಕೊಂಡಿದ್ದರೆ ಬೆರಳು ಸುಮ್ಮನಿರುತ್ತಿರಲಿಲ್ಲ.

ಆ ಹೊತ್ತಿನ ಕಷ್ಟ ಏನೆಂದು ಬೋರ್ಡಿನಲ್ಲಿ ಕೂತವರಿಗೆ ಮಾತ್ರ ಗೊತ್ತು. ಹೋಗುತ್ತಿದೆಯೇ, ನಿಂತಿದೆಯೇ, ಮೆಷಿನ್ನು ಬೆಂದಿದೆಯೇ, ಒಂದೂ ತಿಳಿಯದು. ತಿಳಿಯಲು ಇರುವ ಒಂದೇ ದಾರಿ ಕೀ ಎತ್ತುವುದು, ಎತ್ತಿದರೆ ಕೆಡುತ್ತದೆ. ಮಾತು ಮುಗಿದು ಅವರು ರಿಂಗ್ ಮಾಡಿದರೆ ಬೋರ್ಡಿನ ಮೇಲೆ ಮಿಡಿಗೇಶಿಯ ಪುಟ್ಟ ತಗಡಿನ ಬಿಲ್ಲೆ ಕೆಳಗೆ ಬೀಳುತ್ತದೆ. ಅದನ್ನೇ ನೋಡುತ್ತ ಕೂತೆ. ಮೂರು ನಿಮಿಷ ದಾಟಿತು. ಕೈ ತಾನಾಗಿ ಎದ್ದಿತು. ಎಡಗೈಯಿಂದ ಹಿಡಿದು ಇಳಿಸಿದೆ.

ಅಷ್ಟರಲ್ಲಿ ಮಂಡಿಯ ಬಿಲ್ಲೆ ಬಿತ್ತು. ಹೆಡ್‌ಸೆಟ್ಟಿನ ಒಂದು ಕಿವಿ ಹಚ್ಚಿ, ಮಂಡಿಯ ಕೀ ಎತ್ತಿದೆ.

"ಏನಮ್ಮಾ, ಬೆಂಗ್ಳೂರು ಏನಾಯ್ತು? ಅರ್ಜೆಂಟ್ ಬುಕ್ ಮಾಡಿವ್ನಿ," ಎಂದರು ಸಾಹುಕಾರರು.

"ಒಂದು ಲೈನಲ್ಲಿ ಆಸ್ಪತ್ರೆ ಕಾಲ್ ಇದೆ, ಇನ್ನೊಂದು ಖಾಲಿ ಇಲ್ಲ ಸಾಹುಕಾರ್ರೇ."

"ಯಾರವ್ರೆ ಅದ್ರಾಗೆ?"

"ಮಿಡಿಗೇಶಿಯವರು."

"ಮಿಡಿಗೇಶಿಯೋರ್ಗೆ ಬೆಂಗ್ಳೂರ್ನಾಗೆ ಅಷ್ಟೊತ್ತು ಮಾತಾಡಾಕೆ ಏನೈತಮ್ಮ? ಆರು ನಿಮಿಷ ಆದ್ಮೇಲೆ ಎಳೆದ್ ಬುಡ್ತಿದ್ರಲ್ಲ ನಮ್ದು!"

"ಇವತ್ತು ಎಳೆಯಲ್ಲ."

"ನಿಮ್ ಸೂಪರ್‌ವೈಸರ್‌ಗೆ ಹೇಳ್ತೀನಿ."

"ಹೇಳಿ. ಅವರ ನಂಬರು ನಿಮಗೆ ಗೊತ್ತಲ್ಲ, ಈಗಲೇ ಕೊಡ್ತೀನಿ," ಎಂದು ಪಕ್ಕದ ಕೋಣೆಗೆ ಪ್ಲಗ್ಗು ಚುಚ್ಚಿದೆ.

ನಾನು ಅಂದುಕೊಂಡದ್ದಕ್ಕಿಂತ ಬೇಗ ಬಾಗಿಲು ತೆರೆಯಿತು. ಸೂಪರ್‌ವೈಸರು ಬೋರ್ಡಿನ ಹಿಂದೆ ಬಂದು ನಿಂತು ಗಡಿಯಾರ ನೋಡಿದರು, ಪ್ಲಗ್ಗು ನೋಡಿದರು, ನನ್ನ ಕೊರಳಿನಲ್ಲಿ ತೂಗುತ್ತಿದ್ದ ಹೆಡ್‌ಸೆಟ್ ನೋಡಿದರು.

"ಇದು ಯಾವಾಗಿನಿಂದ ಹಾಕಿದೀರಿ?"

"ಏಳು ನಿಮಿಷ ಆಯ್ತು ಸಾರ್."

"ಮಾತು ನಡೀತಿದೆಯಾ?"

"ಗೊತ್ತಿಲ್ಲ ಸಾರ್. ಕೇಳಿಲ್ಲ."

"ಕೇಳಿಲ್ಲ! ನನ್ನನ್ನೂ ಕೇಳಲಿಲ್ಲ, ಲೈನನ್ನೂ ಕೇಳಲಿಲ್ಲ!"

"ನಿಮ್ಮನ್ನ ಬೆಳಿಗ್ಗೆ ಕೇಳಿದ್ದೆ. ಬೇಡ ಅಂದ್ರಿ. ಅದಕ್ಕೇ ಈಗ ಕೇಳಲಿಲ್ಲ."

ಆಡಿದ ಮಾತು ಹಿಂದಕ್ಕೆ ತಗೊಳ್ಳುವ ಮನಸ್ಸಾಗಲಿಲ್ಲ. ಅವರು ನನ್ನ ಹೆಗಲ ಮೇಲಿಂದ ಕೈ ಚಾಚಿದರು, ಮಿಡಿಗೇಶಿಯ ಕೀ ಕಡೆಗೆ. ನಾನು ಬಲ ಅಂಗೈಯನ್ನು ಆ ಕೀ ಮೇಲೆ ಕವುಚಿ ಇಟ್ಟೆ.

"ಸಾರ್, ಮೆಮೋ ಕೊಡಿ, ತಗೋತೀನಿ. ಪಾವಗಡಕ್ಕೋ ಕೊರಟಗೆರೆಗೋ ಹಾಕಿ, ಹೋಗ್ತೀನಿ. ಕೀ ಮಾತ್ರ ಮುಟ್ಟಬೇಡಿ."

"ಕೈ ತೆಗೀರಿ."

"ತೆಗೆಯಲ್ಲ."

ಮೂಲೆಯಲ್ಲಿ ಟೂಲ್ ಚೀಲ ಹೊಲಿಯುತ್ತ ಕೂತಿದ್ದ ಮೆಕ್ಯಾನಿಕ್ ಎದ್ದು ನಿಂತರು. "ಸಾಬ್, ಅಕ್ಕನ ಕೈ ಸರಿಸ್ಬೇಕಾದ್ರೆ ಏಣಿ ತರ್ಬೇಕು. ಈಗ ತಾನೇ ಸೈಕಲ್‌ಗೆ ಕಟ್ಟಿದೀನಿ, ಬಿಚ್ಚೋಕೆ ಟೈಂ ಆಗ್ತದೆ," ಎಂದರು. ಸೂಪರ್‌ವೈಸರು ಅವರ ಕಡೆ ತಿರುಗಿ ಏನೋ ಗದರಿದರು. ನನಗೆ ಅದು ಕಿವಿಗೆ ಬೀಳಲಿಲ್ಲ. ಅವರು ಗದರಿ ಮುಗಿಸುವಷ್ಟು ಹೊತ್ತೂ ನನ್ನ ಕಣ್ಣು ತಗಡಿನ ಬಿಲ್ಲೆಯ ಮೇಲೇ ಇತ್ತು.

ಅದು ಬಿತ್ತು.

ಹೆಡ್‌ಸೆಟ್ ಕಿವಿಗೆ ಹಚ್ಚಿ ಕೀ ಎತ್ತಿದೆ. ಎಂಜಿನಿಯರು ಹಲೋ ಎನ್ನಲು ಹೋಗಿ ಕೆಮ್ಮಿದರು. ಹಿಂದಿನಿಂದ ಯಾರೋ ರಿಸೀವರನ್ನು ಕಿತ್ತುಕೊಂಡ ಸದ್ದು. ಫೋನು ಹಿಡಿದು ಅಭ್ಯಾಸವಿಲ್ಲದ ದನಿಯೊಂದು, ಬೆಟ್ಟದಾಚೆಗೆ ಕೇಳಿಸುವ ಹಾಗೆ ಕೂಗಿತು:

"ಏನವ್ವಾ, ಎಲ್ಲಾ ಹೋಯ್ತಂತೆ ಕಣವ್ವಾ! ಕೊನೇ ಸಾಲ್ಗೂ ಸಿಕ್ತು ಅಂತ ಬಂತಂತೆ! ಮೆಷಿನ್ನು ಹೆಂಚಿನಂಗೆ ಕಾದೈತೆ, ನನ್ ಕಂಬ್ಳಿ ಸುಟ್ಟ ವಾಸ್ನೆ ಬತ್ತೈತೆ, ಹೋಗ್ಲಿ ಬುಡು!"

ಹಿಂದೆ ನಿಂತಿದ್ದ ಸೂಪರ್‌ವೈಸರಿಗೂ ಅದು ಕೇಳಿಸಿತು. ಹೆಡ್‌ಸೆಟ್ಟಿನಿಂದ ಅಷ್ಟು ದೂರ ಕೇಳಿಸಿದ ಇನ್ನೊಂದು ದನಿ ನನಗೆ ನೆನಪಿಲ್ಲ. ಅವರು ತಮ್ಮ ಕೋಣೆಗೆ ಹೋದರು. ನಾನು ತುಮಕೂರಿಗೆ ರಿಂಗ್ ಮಾಡಿ "ಬಿಡಿಸಮ್ಮ, ಹೋಯ್ತು," ಎಂದೆ. ಆಮೇಲೆ ಮಂಡಿಯವರಿಗೆ ಬೆಂಗಳೂರು ಕೊಟ್ಟು, ಮೂರು ನಿಮಿಷಕ್ಕೆ ಸರಿಯಾಗಿ ಕೀ ಎತ್ತಿ ಕೇಳಿದೆ. ನಡುವೆ ಬಾಯಿ ಹಾಕಿದ್ದಕ್ಕೆ ಸಾಹುಕಾರರು ನನ್ನನ್ನು ಬೈದರು. ಬೈಯಲಿ.

ಮರುದಿನ ಬೆಂಗಳೂರಿನಿಂದ ತುಮಕೂರಿನ ಮೇಲೆ ಬಂದ ಮೊದಲ ಬಸ್ಸಿನ ಟಾಪಿನಿಂದ ಬಿಳಿ ಡಬ್ಬ ಇಳಿಯಿತು. ಗೋಣಿ ಸುತ್ತಿ, ಹಗ್ಗ ಬಿಗಿದು, ಮೂಲೆಯಿಂದ ಐಸ್ ನೀರು ತೊಟ್ಟಿಕ್ಕುತ್ತಿತ್ತು. ಡ್ಯೂಟಿಗೆ ಬರುವ ದಾರಿಯಲ್ಲಿ ನಿಂತು ನೋಡಿದೆ. ಡಾಕ್ಟರು ಡಬ್ಬವನ್ನು ಮಗುವಿನಂತೆ ಅವುಚಿಕೊಂಡು ಜೀಪಿನಲ್ಲಿ ಕೂತರು. ಜೀಪು ನಿಲ್ಲದೆ ಮಿಡಿಗೇಶಿಯ ಕಡೆ ಹೋಯಿತು. ಆ ಹೆಂಗಸಿನ ಮಂದೆಗೆ ಮಧ್ಯಾಹ್ನದೊಳಗೆ ಸೂಜಿ ಹಾಕಿ ಮುಗಿಸಿದರೆಂದು ಪೋಸ್ಟ್ ಮಾಸ್ತರು ಫೋನಿನಲ್ಲಿ ತಿಳಿಸಿದರು. ಆ ರೊಪ್ಪದೊಳಕ್ಕೆ ರೋಗ ಕಾಲಿಡಲಿಲ್ಲ. ಅದು ಗೊತ್ತಾಗಲು ಇನ್ನೂ ಕೆಲವು ವಾರ ಹಿಡಿಯಿತು. ಎಂಜಿನಿಯರ ವರದಿಯಲ್ಲಿ 'ಮಿಡಿಗೇಶಿಯಿಂದ ಸಾಧ್ಯ' ಎಂದಿತ್ತಂತೆ. ಯಾವ ಷರತ್ತಿನ ಮೇಲೆ ಸಾಧ್ಯ ಎಂಬುದನ್ನೂ ಬರೆದಿದ್ದರಂತೆ. ಆ ಭಾಗ ಯಾರಿಗೂ ಹಿಡಿಸಲಿಲ್ಲ ಎಂದು ಆಮೇಲೆ ಕೇಳಿದೆ.

ಆದರೆ ಡಬ್ಬ ಬಂದ ಆ ದಿನವೇ ಪಾವಗಡದ ಕಡೆಯ ಹಟ್ಟಿಗಳ ಪಟ್ಟಿ ಹೋಗಬೇಕಿತ್ತು. ಅಲ್ಲಿ ರೋಗ ಇನ್ನೂ ಜೋರು, ಪಟ್ಟಿಯೂ ಹತ್ತು ನಿಮಿಷ ಭರ್ತಿಯಾಗುವಷ್ಟು. ಮಧ್ಯಾಹ್ನ ತುಮಕೂರಿನವಳೇ ಮೊದಲು ರಿಂಗ್ ಮಾಡಿ, "ಏನು ಮಧುಗಿರಿ, ಕುರಿಗಳು ಮಾತಿಗೆ ಬಂದ್ವಾ?" ಎಂದಳು. ಪ್ಲಗ್ಗು ಹಾಕಿದೆ, ಸಿಳ್ಳೆ ಕೇಳಿದ್ದೇ ಕೀ ಇಳಿಸಿದೆ, ಹೆಡ್‌ಸೆಟ್ ಕೊರಳಿಗೆ ಹಾಕಿಕೊಂಡು ಅಂಗೈ ಕವುಚಿ ಕೂತೆ. ಯಾರಾದರೂ ಬಂದಾರೆಂದು ಮೊದಲೇ.

ಬಂದರು. ಸೂಪರ್‌ವೈಸರೇ. ಕೈಯಲ್ಲಿ ಟೈಪು ಮಾಡಿದ ಮೆಮೋ, ಎರಡು ಪ್ರತಿ. ಅಪ್ಪಣೆ ಮೀರಿ ಲೈನ್ ಹಿಡಿದಿಟ್ಟಿದ್ದಕ್ಕೆ ವಿವರಣೆ ಕೊಡತಕ್ಕದ್ದು. ಬೋರ್ಡಿನ ಅಂಚಿನ ಮೇಲೆ ಹಾಳೆ ಇಟ್ಟು, ಪೆನ್ನು ಮುಚ್ಚಳ ತೆಗೆದು ಕೊಟ್ಟರು.

"ಸಿಕ್ಕಿದೆ ಅಂತ ಸಹಿ ಹಾಕಿ."

ಹಾಕಿದೆ. ಅವರು ಹಾಳೆ ಎತ್ತಿ, ಕನ್ನಡಕದ ಮೇಲಿಂದ ನೋಡಿದರು. ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು.

"ಇದು ನಿಮ್ಮ ಸಹಿ ಥರ ಇಲ್ಲವಲ್ರೀ."

"ಎಡಗೈಯದ್ದು ಸಾರ್. ಬಲಗೈ ಖಾಲಿ ಇಲ್ಲ."

ಪಾವಗಡದ ಪಟ್ಟಿ ಇನ್ನೂ ಅರ್ಧ ಹೋಗುವುದಿತ್ತು.